ಬಡಗುತಿಟ್ಟಿನ ಜೋಡಿವೇಷಗಳೂ ಆಧುನಿಕರ ದೃಷ್ಟಿಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳ ಯಕ್ಷಗಾನದಲ್ಲಿ ವೇಷಗಳು ಜೋಡಿಯಾಗಿ ರಂಗಕ್ಕೆ ಬರುವುದು ಪೂರ್ವದಿಂದ ನಡೆದುಬಂದ ಕ್ರಮವಾಗಿರುವುದು. ಪೂರ್ವರಂಗದಲ್ಲಿ ಕೋಡಂಗಿಗಳ ತರುವಾಯ ಬಲರಾಮಕೃಷ್ಣರೆಂಬ ಬಾಲಗೋಪಾಲರಿಬ್ಬರು ಕುಣಿಯುವರು. ಅನಂತರ ಪೀಠಿಕೆಯ ಸ್ತ್ರೀವೇಷಗಳೆರಡು ಬರುವುವು. ಪ್ರಸಂಗದೊಳಗೆ ಕರ್ಣಾರ್ಜುನರು, ಭಸ್ಮಾಸುರಮೋಹಿನಿಯರು, ಸುಧನ್ವಪ್ರಭಾವತಿಯರು ಮೊದಲಾದ ಯುಗ್ಮಗಳುಂಟು. ಬ್ರಹ್ಮಾವರದ ಸಮೀಪದ ಹಾರಾಡಿ, ಮಟ್ಪಾಡಿ ಎಂಬೆರಡು ಗ್ರಾಮಗಳು ಎರಡು ನೃತ್ಯಶೈಲಿಗಳಿಗೇ ಹೆಸರನ್ನಿತ್ತಿವೆ. ಪುರುಷವೇಷದಲ್ಲಿ ಹಾರಾಡಿ ರಾಮ ಗಾಣಿಗರ ಕೀರ್ತಿಯೂ, ಸ್ತ್ರೀವೇಷದಲ್ಲಿ ಹಾರಾಡಿ ನಾರಾಯಣ ಗಾಣಿಗರ ಕೀರ್ತಿಯೂ ಈ ಸೀಮೆಯಲ್ಲಿ ಇಂದಿಗೂ ಮಾಸಿಲ್ಲ.

ಇಂತಹ ಜೋಡಿಗಳನ್ನು ಕುರಿತು ಆಧುನಿಕರಲ್ಲಿ ಎರಡು ಮತಗಳು ಕೇಳಿಬರುವುವು. ಜೋಡಿಕುಣಿತವು ದೀರ್ಘವಾದುದು, ಕಥೆಗೆ ಅನಾವಶ್ಯಕವಾದುದು, ಕಾಲಮಿತಿಯ ಆಟದಲ್ಲಿ ಅದನ್ನು ಬಿಡುವುದೇ ಲೇಸು ಎಂಬುದು ಮೊದಲನೆಯದು. ಜೋಡಿಯಲ್ಲಿ ಒಬ್ಬನೇ ಪ್ರಧಾನನು, ಇನ್ನೊಬ್ಬನು ಅವನಿಗೆ ನೆರವು ಮಾತ್ರ ಎಂಬುದು ಎರಡನೆಯದು.

ಎರಡನೆಯ ಮತವನ್ನೇ ಮೊದಲು ವಿಚಾರಿಸತಕ್ಕುದು. ಶೃಂಗಾರದಲ್ಲಿ ನಾಯಕನಿಗೆ ನಾಯಿಕೆಯೂ ನಾಯಿಕೆಗೆ ನಾಯಕನೂ ಆಲಂಬನವಿಭಾವವೆಂದು ಆಲಂಕಾರಿಕರು ಹೇಳುವರು. ವೀರದಲ್ಲಿ ಜಯಿಸಬೇಕಾದ ಪ್ರತಿಪಕ್ಷಿಯೇ ಆಲಂಬನವು. ಹಾಗಿರಲು ಪ್ರಭಾವತಿಯ ಬೇಡಿಕೆಯು ಬಲಿಯದೆ ಸುಧನ್ವನ ಧೈರ್ಯವು ತೋರುವುದೆಂತು? ಅರ್ಜುನನು ದುರ್ಬಲನಾದರೆ ಕರ್ಣನ ವೀರವು ಯಾವುದನ್ನು ಆಶ್ರಯಿಸೀತು? ಒಬ್ಬನನ್ನೇ ಕೊಂಡಾಡುವುದು ರಸದ ಅರ್ಧವನ್ನು ಕಳೆದಂತೆಯೇ ಸರಿ.

ಇಲ್ಲಿ ಅನ್ಯದೇಶದ ದೃಷ್ಟಾಂತವೊಂದು ಉಪಯುಕ್ತವಾದುದು. ಅಮೆರಿಕದ ಹಾಲಿವುಡ್ಡಿನಲ್ಲಿ ಫ್ರೆಡ್ ಆಸ್ಟೇರ್, ಜಿಂಜರ್ ರೋಜರ್ಸ್ ಎಂಬವರು 1933ರಿಂದ 1939ರವರೆಗೆ 9, ಪುನಃ 1949ರಲ್ಲಿ 1, ಹೀಗೆ 10 ಗೀತನೃತ್ಯಚಿತ್ರಗಳಲ್ಲಿ ಜೊತೆಗೂಡಿದರು. ಆ ಕಥೆಗಳು ತೆಳುವೆಂದು ಇಂದಿನ ಪ್ರೇಕ್ಷಕರು ಹೇಳುವುದುಂಟು. ಆದರೂ ಆ ನೃತ್ಯಗಳನ್ನು ಅವರು ಬಿಟ್ಟಿಲ್ಲ. ನರ್ತಕರಿಬ್ಬರೂ ಆಪಾದಮಸ್ತಕವಾಗಿ ಕಾಣಬೇಕು, ನೃತ್ಯವನ್ನು ನಡುನಡುವೆ ಕತ್ತರಿಸಬಾರದು ಎಂಬುದು ಆಸ್ಟೇರನ ಹಠವಾಗಿದ್ದಿತು. ಆದುದರಿಂದ ಅಲ್ಲಿ ಕಣ್ಣಿಗೆ ಬೀಳುವುದು ಒಬ್ಬರ ಚಾತುರ್ಯವಲ್ಲ, ಇಬ್ಬರ ನಡುವಣ ಲಯಸಾಮ್ಯ. ಯಕ್ಷಗಾನದ ಬಯಲುರಂಗವು ಸಹಜವಾಗಿಯೇ ಇದನ್ನು ಒದಗಿಸುತ್ತಿದ್ದಿತು. ಒಬ್ಬನ ಮುಖವನ್ನೇ ಸಮೀಪದಿಂದ ಹಿಡಿದ ಈಗಿನ ಕಿರು ವಿಡಿಯೋಗಳನ್ನು ನೋಡಿ ಜೋಡಿಯ ತಾರತಮ್ಯವನ್ನು ನಿರ್ಣಯಿಸುವುದು ಹೇಗೆ ಯುಕ್ತವಾದೀತು?

ಇನ್ನು ಮೊದಲನೆಯ ಮತ. ಇಡಿಯ ರಾತ್ರಿಯ ಆಟವು ಕೆಲವು ಗಂಟೆಗಳಿಗೆ ಇಳಿದಾಗ ಸಂಕ್ಷೇಪವು ಅನಿವಾರ್ಯವೆಂಬುದು ನಿಜ. ಆದರೆ ಬಾಲಗೋಪಾಲವೇಷವು ಕೇವಲ ಕಾಲಯಾಪನೆಗೆ ಹುಟ್ಟಿದುದಲ್ಲ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಚೆಂಡೆಮದ್ದಳೆಗಳ ಮುಂದೆ ತಮ್ಮ ಹೆಜ್ಜೆಯನ್ನು ಜೊತೆಯವನ ಹೆಜ್ಜೆಗೆ ಹೊಂದಿಸಲು ಕಲಿತುದು ಅಲ್ಲಿಯೇ. ಆ ಪಾಠವು ಲೋಪವಾದರೆ ಮುಂದಿನ ಕರ್ಣನಿಗೆ ತಕ್ಕ ಅರ್ಜುನನೂ, ಸುಧನ್ವನಿಗೆ ತಕ್ಕ ಪ್ರಭಾವತಿಯೂ ದೊರೆಯುವುದು ಕಷ್ಟವಾದೀತು. ಸಂಕ್ಷೇಪಿಸುವವರು ಕುಣಿತದ ಆವೃತ್ತಿಗಳನ್ನು ಕಡಮೆಮಾಡಬಹುದು, ಜೋಡಿಯನ್ನೇ ತೆಗೆಯಲಾಗದು. ಕಲಾವಿದರ ಚರಿತ್ರೆಯನ್ನು ಬರೆಯುವವರೂ ಪ್ರತಿಯೊಂದು ವೇಷದೊಡನೆ ಅದಕ್ಕೆ ಇದಿರಾಗಿ ನಿಂತವರ ಹೆಸರನ್ನು ದಾಖಲಿಸುವುದು ಅವಶ್ಯವಾದುದು.