ಕ್ಯಾಂಪರ್ ಹೊತ್ತ ಪಿಕಪ್‌ನಲ್ಲಿ ಊರಿಗೆ: ಶಾಕ್ ಅಬ್ಸಾರ್ಬರ್ ಕೊಳ್ಳುವ ಮುನ್ನ ತೂಕ ನೋಡಿ

ಎಪ್ರಿಲ್-ಮೇ ತಿಂಗಳ ರಜೆ ಸಮೀಪಿಸಿತೆಂದರೆ ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೋಗುವ ಸಿದ್ಧತೆ ಆರಂಭವಾಗುತ್ತದೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಬಳಿಕ ಕರಾವಳಿಯ ಪ್ರಯಾಣ ಸುಲಭವಾಯಿತಾದರೂ ಸ್ವಂತ ವಾಹನದಲ್ಲಿ ಅಲ್ಲಲ್ಲಿ ನಿಂತು, ದೇವಸ್ಥಾನ, ಸಮುದ್ರ ತೀರ ನೋಡುತ್ತಾ ಹೋಗುವ ಆಸೆ ಹಲವರಿಗಿದೆ. ಈ ಆಸೆಗೆ ಇತ್ತೀಚಿನ ವರ್ಷಗಳಲ್ಲಿ ಹೊಸ ರೂಪ ಬಂದಿದೆ. ಪಿಕಪ್‌ನ ಹಿಂಬದಿಯಲ್ಲಿ ಕೂರಿಸುವ, ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಎಲ್ಲವೂ ಇರುವ ಪುಟ್ಟ ಮನೆಯೇ ಕ್ಯಾಂಪರ್. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಇದು ನಮ್ಮಲ್ಲೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತಿದೆ. 2021ರಲ್ಲಿ ಮಹಾರಾಷ್ಟ್ರ ಮತ್ತು ಕೇರಳ ಸರಕಾರಗಳು ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ್ದು ಈ ಆಸಕ್ತಿಗೆ ಇನ್ನಷ್ಟು ಇಂಬು ನೀಡಿದೆ.

ಆದರೆ ಭಾರ ಹೊತ್ತ ಪಿಕಪ್ ಪನ್ವೇಲ್ ದಾಟಿ ಘಾಟಿಯ ತಿರುವುಗಳಿಗೆ ಬಂದಾಗ ಅದರ ನಿಜವಾದ ಪರೀಕ್ಷೆ ಶುರುವಾಗುತ್ತದೆ. ತಿರುವಿನಲ್ಲಿ ವಾಹನ ಓಲಾಡುತ್ತದೆ, ಗುಂಡಿಗೆ ಇಳಿದರೆ ಎರಡು ಮೂರು ಬಾರಿ ಕುಪ್ಪಳಿಸುತ್ತದೆ, ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬಾಗುತ್ತದೆ. ಕೂಡಲೇ ಮಾಲಕರು ಗ್ಯಾರೇಜಿಗೆ ಹೋಗಿ 'ಎಲ್ಲಕ್ಕಿಂತ ಗಟ್ಟಿಯಾದ ಶಾಕಪ್ ಹಾಕಿ' ಎನ್ನುತ್ತಾರೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ವಾಹನದ ಹಿಂಭಾಗ ಕುಸಿದೇ ಇರುತ್ತದೆ.

ಭಾರ ಹೊರುವುದು ಯಾರು?

ಇದಕ್ಕೆ ಕಾರಣ ಸರಳ. ವಾಹನದ ಭಾರವನ್ನು ಹೊರುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಲ್ಲ. ಟೊಯೋಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನಂತಹ ಪಿಕಪ್‌ಗಳಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಗ್ಯಾರೇಜಿನವರು 'ಕಮಾನ್ ಪಟ್ಟಾ' ಎನ್ನುವ ಲೀಫ್ ಸ್ಪ್ರಿಂಗ್ ಇರುತ್ತದೆ. ಗುಂಡಿ ಬಂದಾಗ ಸ್ಪ್ರಿಂಗ್ ಅದುಮಿಕೊಂಡು ಮತ್ತೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರ್‌ನ ಕೆಲಸ. ಅದರೊಳಗಿನ ಎಣ್ಣೆ ಸಣ್ಣ ವಾಲ್ವ್‌ಗಳ ಮೂಲಕ ನುಗ್ಗುವಾಗ ಕುಲುಕಾಟದ ಶಕ್ತಿ ಶಾಖವಾಗಿ ಹೊರಹೋಗುತ್ತದೆ.

ಆದ್ದರಿಂದ ವಾಹನ ನಿಂತಲ್ಲೇ ಹಿಂದೆ ಕುಸಿದಿದ್ದರೆ ದೋಷ ಸ್ಪ್ರಿಂಗಿನದ್ದು ಅಥವಾ ಭಾರದ್ದು. ನಿಂತಾಗ ಸರಿಯಾಗಿದ್ದು, ಓಡುವಾಗ ಕುಪ್ಪಳಿಸುತ್ತಿದ್ದರೆ ಶಾಕ್ ಅಬ್ಸಾರ್ಬರನ್ನು ಸಂಶಯಿಸಬಹುದು. ಅದರ ಮೈಮೇಲೆ ಎಣ್ಣೆ ಜಿನುಗಿದ ಕಲೆ, ಟಯರ್ ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿರುವುದು, ರಬ್ಬರ್ ಬುಶ್ ಹರಿದು ಬರುವ ಟಕಟಕ ಸದ್ದು ಇದರ ಮುಖ್ಯ ಲಕ್ಷಣಗಳು. 80,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸುವಂತೆ ಕೆಲವು ತಯಾರಕರ ಸಲಹೆ ಇದೆ. ಸದಾ ಭಾರ ಹೊರುವ ವಾಹನದಲ್ಲಿ ಅದಕ್ಕೂ ಮೊದಲೇ ಸೋಲಬಹುದು.

ಮೊದಲು ಕಾಂಟಾ, ಆಮೇಲೆ ಅಂಗಡಿ

ಹೊಸತನ್ನು ಕೊಳ್ಳುವ ಮುನ್ನ ಕ್ಯಾಂಪರ್, ನೀರು, ಗ್ಯಾಸ್, ಸಾಮಾನು, ಮನೆಮಂದಿ ಎಲ್ಲರ ಸಹಿತ ವಾಹನವನ್ನು ಧರ್ಮಕಾಂಟಾಕ್ಕೆ ಒಯ್ದು ತೂಗಿಸಬೇಕು. ಸಾಧ್ಯವಾದರೆ ಹಿಂದಿನ ಚಕ್ರಗಳನ್ನಷ್ಟೇ ಕಾಂಟಾದ ಮೇಲೆ ನಿಲ್ಲಿಸಿ ಹಿಂದಿನ ಆಕ್ಸಲ್‌ನ ಭಾರವನ್ನೂ ಬೇರೆಯಾಗಿ ತಿಳಿಯಬೇಕು. ಕ್ಯಾಂಪರ್‌ನ ಹೆಚ್ಚಿನ ಭಾರ ಬೀಳುವುದು ಅಲ್ಲೇ.

ಒಂದು ಲೆಕ್ಕ ನೋಡೋಣ. ಆರ್‌ಸಿ ಪುಸ್ತಕದ ಪ್ರಕಾರ ಒಂದು ಪಿಕಪ್‌ನ ಒಟ್ಟು ತೂಕದ ಮಿತಿ 2,900 ಕಿಲೋ, ಡೀಸೆಲ್ ಸಹಿತ ಖಾಲಿ ವಾಹನದ ತೂಕ 1,950 ಕಿಲೋ ಎಂದಿಟ್ಟುಕೊಳ್ಳೋಣ. ಉಳಿಯುವುದು 950 ಕಿಲೋ. ಕ್ಯಾಂಪರ್ 450, 80 ಲೀಟರ್ ನೀರಿಗೆ 80, ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30, ಬ್ಯಾಟರಿ ಮತ್ತು ಸಾಮಾನು 120, ನಾಲ್ಕು ಜನರಿಗೆ 260. ಒಟ್ಟು 940 ಕಿಲೋ. ಬಾಕಿ ಹತ್ತೇ ಕಿಲೋ! ಊರಿನಿಂದ ಹಿಂದಿರುಗುವಾಗ ಒಂದು ಮೂಟೆ ಕುಚ್ಚಲಕ್ಕಿ, ನಾಲ್ಕು ಹಲಸಿನ ಹಣ್ಣು, ಒಂದಿಷ್ಟು ತೆಂಗಿನಕಾಯಿ ಹೇರಿಕೊಂಡರೆ ಮಿತಿ ದಾಟಿದಂತೆಯೇ.

ಮಿತಿ ದಾಟಿದ ಭಾರಕ್ಕೆ ಶಾಕ್ ಅಬ್ಸಾರ್ಬರ್ ಪರಿಹಾರವಲ್ಲ, ಸಾಮಾನು ಇಳಿಸುವುದೊಂದೇ ದಾರಿ. ಭಾರ ಮಿತಿಯೊಳಗಿದ್ದೂ ಹಿಂಭಾಗ ಕುಸಿದರೆ ಹಳೆಯ ಕಮಾನ್ ಪಟ್ಟಾವನ್ನು ಪರೀಕ್ಷಿಸಿ ಬದಲಿಸಬಹುದು ಅಥವಾ ಸಹಾಯಕ ಏರ್ ಸ್ಪ್ರಿಂಗ್ ಅಳವಡಿಸಬಹುದು. ಆದರೆ ಇವುಗಳಿಂದ ವಾಹನದ ತೂಕದ ಮಿತಿ ಹೆಚ್ಚುವುದಿಲ್ಲ. ಬ್ರೇಕ್, ಟಯರ್, ಆಕ್ಸಲ್ ಮೊದಲಿನವೇ ತಾನೆ!

ಯಾವ ಬಗೆ ಯಾರಿಗೆ?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರೊಳಗೊಂದು ಕೊಳವೆ ಇರುವ ಟ್ವಿನ್ ಟ್ಯೂಬ್ ಬೆಲೆಯಲ್ಲಿ ಅಗ್ಗ, ಸವಾರಿಯಲ್ಲಿ ಮೃದು. ಆದರೆ ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಎಣ್ಣೆ ಕಾದು, ಗಾಳಿ ಬೆರೆತು ನೊರೆಯಾಗಿ ಹಿಡಿತ ಕಡಿಮೆಯಾಗುತ್ತದೆ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದವು ಇದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಒಂದೇ ಕೊಳವೆಯ ಮೊನೊಟ್ಯೂಬ್‌ನಲ್ಲಿ ಅನಿಲ ಮತ್ತು ಎಣ್ಣೆಯನ್ನು ತೇಲುವ ಪಿಸ್ಟನ್ ಬೇರ್ಪಡಿಸುತ್ತದೆ. ಶಾಖ ಬೇಗ ಹೊರಹೋಗುವುದರಿಂದ ಹಿಡಿತ ಉಳಿಯುತ್ತದೆ. ಆದರೆ ಬೆಲೆ ಹೆಚ್ಚು, ಕಲ್ಲು ಬಡಿದು ಕೊಳವೆ ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು.

ಕ್ಯಾಂಪರ್ ಸದಾ ವಾಹನದ ಮೇಲೆಯೇ ಇರುವುದಾದರೆ ಆ ಭಾರಕ್ಕೆ ಹೊಂದುವ ಮೊನೊಟ್ಯೂಬ್ ಸೂಕ್ತ. ವರ್ಷಕ್ಕೆ ಎರಡು ಬಾರಿ ಮಾತ್ರ ಕ್ಯಾಂಪರ್ ಏರಿಸಿ, ಉಳಿದ ದಿನ ಖಾಲಿ ಓಡಿಸುವವರಿಗೆ ಗುಬುಟು ತಿರುಗಿಸಿ ಗಟ್ಟಿತನ ಬದಲಿಸಬಹುದಾದ ಬಗೆ ಅನುಕೂಲ. ಅತಿ ಗಟ್ಟಿಯಾದದ್ದನ್ನು ಖಾಲಿ ವಾಹನಕ್ಕೆ ಹಾಕಿದರೆ ಉಬ್ಬುತಗ್ಗಿನಲ್ಲಿ ಚಕ್ರ ರಸ್ತೆಯಿಂದ ಎಗರಿ ಹಿಡಿತವೇ ತಪ್ಪೀತು. ಬಲವಾದ ಕಮಾನ್ ಪಟ್ಟಾ ಹಾಕಿಸಿದವರು, ಅದರ ಹೆಚ್ಚಿನ ಚಿಮ್ಮುವಿಕೆಯನ್ನು ತಡೆಯಬಲ್ಲ ಶಾಕ್ ಅಬ್ಸಾರ್ಬರನ್ನೇ ಕೇಳಿ ಪಡೆಯಬೇಕು. ಎತ್ತರದ ಕ್ಯಾಂಪರ್ ತಿರುವಿನಲ್ಲಿ ಒಂದು ಬದಿಗೆ ವಾಲುವುದು ವಿಪರೀತವಾಗಿದ್ದರೆ ಅದಕ್ಕೆ ಆಂಟಿ ರೋಲ್ ಬಾರ್ ಬೇಕಾಗುತ್ತದೆ.

1961ರಲ್ಲಿ ಸ್ಥಾಪನೆಗೊಂಡ ಗೇಬ್ರಿಯಲ್ ಇಂಡಿಯಾದಿಂದ ಹಿಡಿದು ಮನ್ರೋ, ಕೆವೈಬಿ, ಬಿಲ್‌ಸ್ಟೀನ್, ಓಲ್ಡ್ ಮ್ಯಾನ್ ಈಮು ತನಕ ಹೆಸರುಗಳು ಅನೇಕ. ಹೆಸರಿಗಿಂತ ಮುಖ್ಯವಾದುದು ನಿಮ್ಮ ವಾಹನದ ಮಾದರಿ, ವರ್ಷ ಮತ್ತು ತೂಗಿಸಿದ ಭಾರಕ್ಕೆ ಸರಿಹೊಂದುವ ಪಾರ್ಟ್ ನಂಬರ್. ನಕಲಿ ಮಾಲಿನ ಭಯ ಇರುವುದರಿಂದ ಬಿಲ್ ಮತ್ತು ಗ್ಯಾರಂಟಿ ಕಾರ್ಡ್ ಪಡೆಯಲು ಮರೆಯಬಾರದು.

ಅಳವಡಿಸುವಾಗ

ಒಂದೇ ಬದಿಯದನ್ನು ಬದಲಿಸುವುದು ತಪ್ಪು. ಆಕ್ಸಲ್‌ನ ಎರಡೂ ಬದಿಗಳನ್ನು ಒಟ್ಟಿಗೇ ಬದಲಿಸಬೇಕು, ನಾಲ್ಕನ್ನೂ ಬದಲಿಸಿದರೆ ಇನ್ನೂ ಒಳ್ಳೆಯದು. ಬುಶ್‌ನ ಬೋಲ್ಟನ್ನು ಕೊನೆಯದಾಗಿ ಬಿಗಿಯುವಾಗ ವಾಹನ ಚಕ್ರಗಳ ಮೇಲೆ ನಿಂತಿರಬೇಕು. ಜ್ಯಾಕ್ ಮೇಲೆ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮುಂಭಾಗದ ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಅನಿಲ ತುಂಬಿದ ಹಳೆಯ ಶಾಕ್ ಅಬ್ಸಾರ್ಬರನ್ನು ಬಿಸಿ ಮಾಡುವುದು, ಕತ್ತರಿಸುವುದು ಅಪಾಯಕಾರಿ.

ಕಾನೂನನ್ನೂ ಗಮನಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿದಿದೆ. ಆದ್ದರಿಂದ ಕ್ಯಾಂಪರ್ ಅಳವಡಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಸಂಘ-ಸಂಸ್ಥೆಗಳ ವಿಹಾರಕೂಟಕ್ಕೆ ಸಾಮಾನು ಸಾಗಿಸುವ ಪಿಕಪ್‌ಗಳಿಗೂ, ಕೇಟರಿಂಗ್ ನಡೆಸುವ ಬಂಧುಗಳ ಟೆಂಪೊಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾಂಟಾದ ಚೀಟಿಗೆ ತಗಲುವ ಖರ್ಚು ಅಲ್ಪ. ಆ ಚೀಟಿ ಕೈಯಲ್ಲಿದ್ದರೆ ಅಂಗಡಿಯವನ ಮಾತಿಗೆ ಮರುಳಾಗಬೇಕಿಲ್ಲ, ಘಾಟಿಯ ಇಳಿಜಾರಿನಲ್ಲಿ ಮನೆಮಂದಿ ಉಸಿರು ಬಿಗಿಹಿಡಿದು ಕೂರಬೇಕಿಲ್ಲ. ಊರಿನ ನೇಮ, ಜಾತ್ರೆ, ಮದುವೆಗಳಿಗೆ ಹೊರಟವರು ಸುಖವಾಗಿ ತಲುಪಿ, ಸುಖವಾಗಿ ಹಿಂದಿರುಗುವುದೇ ಎಲ್ಲಕ್ಕಿಂತ ದೊಡ್ಡದು.