ಹರಿತದ ಆಯುಸ್ಸು

ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನು ಬಡಗಿಯ ಯಂತ್ರದ ವಿಚಾರವನ್ನು ಮಾತನಾಡಲು ಹೊರಟಿದ್ದಾನೆಂದರೆ ಕೇಳುವವರಿಗೆ ನಗು ಬಂದೀತು. ಎರಡು ವರ್ಷಗಳ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಅರುವತ್ತು ದಾಟಿದ ಮೇಲೆ ನನಗೊಂದು ಪಾಠವಾಯಿತು. ಅದರ ಬೆಲೆ ತೆತ್ತವನು ನಾನಲ್ಲ, ಇನ್ನೊಬ್ಬರ ಮಗ. ಆದಕಾರಣ ಅದನ್ನು ನಾಲ್ಕು ಜನರ ಮುಂದೆ ಹೇಳುವುದು ನನ್ನ ಮೇಲಿರುವ ಋಣವೆಂದು ಭಾವಿಸಿ ಈ ಮಾತುಗಳನ್ನು ಆಡುತ್ತಿದ್ದೇನೆ.

ನಾಲ್ಕು ದಶಕಗಳಲ್ಲಿ ಕೂಡಿಟ್ಟ ಪುಸ್ತಕಗಳನ್ನು ಪೆಟ್ಟಿಗೆಗಳಿಂದ ಬಿಡುಗಡೆ ಮಾಡಿ, ಮನೆಯ ಹೊರಕೋಣೆಯನ್ನು ಬೀದಿಯ ಮಕ್ಕಳಿಗೂ ತೆರೆದ ಓದುಕೋಣೆಯಾಗಿಸಬೇಕೆಂಬುದು ನನ್ನ ಹಂಬಲವಾಗಿತ್ತು. ಹನ್ನೆರಡು ಕಪಾಟುಗಳು, ಒಂದೊಂದರಲ್ಲಿ ಆರು ಅಡ್ಡಹಲಗೆಗಳು. ಹಲಗೆಯೆಲ್ಲ 18 ಮಿ.ಮೀ. ದಪ್ಪದ ಪ್ಲೈವುಡ್, ಮುಂಬದಿಯ ಅಂಚಿಗೆ ಮಾತ್ರ ತೇಗದ ಪಟ್ಟಿ. ಕೆಲಸಕ್ಕೆ ಬಂದವರು ನಮ್ಮ ಊರಿನವರೇ ಆದ ಆಚಾರ್ರು, ಜೊತೆಗೆ ಇಪ್ಪತ್ತೆರಡರ ಹರೆಯದ ಅವರ ಮಗ. ಆಚಾರ್ರ ತಂದೆ ನಮ್ಮ ಹಳೆಯ ಮನೆಯ ಬಾಗಿಲುವಾಡ, ಕಿಟಕಿಗಳನ್ನೆಲ್ಲ ಮಾಡಿಕೊಟ್ಟವರು. ನಂಬಿಕೆಗೆ ಇದಕ್ಕಿಂತ ಬೇರೆ ಆಧಾರ ಬೇಕಿರಲಿಲ್ಲ.

ಅಡ್ಡಹಲಗೆ ಹೊಕ್ಕು ಭದ್ರವಾಗಿ ಕೂರಬೇಕಾದರೆ ಪಕ್ಕದ ಹಲಗೆಯಲ್ಲಿ ಉದ್ದಕ್ಕೆ ಕಚ್ಚು ತೆಗೆಯಬೇಕು. ಹಿಂದೆ ಇದನ್ನು ಉಳಿ ಕೊಡತಿಗಳಿಂದ ಮಾಡುತ್ತಿದ್ದರು. ಈಗ ರೂಟರ್ ಎಂಬ ಯಂತ್ರ ಮಾಡುತ್ತದೆ. ಎರಡು ಹಿಡಿಗಳ ನಡುವೆ ನೆಟ್ಟಗೆ ನಿಂತ ಮೋಟಾರು. ಅದರ ತುದಿಗೆ ಸಿಕ್ಕಿಸುವ, ಬೆರಳುದ್ದದ ಕೊರೆಯುವ ಅಲಗಿಗೆ ಬಿಟ್ ಎಂದು ಹೆಸರು. ಸಾಮಾನ್ಯವಾಗಿ ಬಿಟ್ಟಿಗೆ ಎರಡು ಬಾಯಿಗಳಿರುತ್ತವೆ. ಅಂಚು ಉರುಟು ಮಾಡಲು ಒಂದು ಬಗೆ, ನೇರ ಕಚ್ಚಿಗೆ ಇನ್ನೊಂದು ಬಗೆ, ಹೀಗೆ ಬಿಟ್ಟುಗಳಲ್ಲಿ ಹಲವು ಜಾತಿಗಳುಂಟು.

ಕೆಲಸ ಶುರುವಾದ ವಾರದೊಳಗೆ ಆಚಾರ್ರು ಬಂದು, "ಮೇಷ್ಟ್ರೇ, ಬಿಟ್ಟು ಸತ್ತೋಯ್ತು, ಹೊಸದು ತರಬೇಕು" ಎಂದರು. ದುಡ್ಡು ಕೊಟ್ಟೆ. ಇನ್ನೊಂದು ವಾರಕ್ಕೆ ಮತ್ತೆ ಅದೇ ಮಾತು, ಮತ್ತೆ ಕೊಟ್ಟೆ. ಮೂರನೆಯ ಸಲ ತೇಗದ ಪಟ್ಟಿಯ ಅಂಚು ಉರುಟು ಮಾಡುವ ಬಿಟ್ಟಿನ ಸರದಿ ಬಂದಾಗ ನನ್ನ ತಾಳ್ಮೆ ತಪ್ಪಿತು. "ಆಚಾರ್ರೇ, ನಿಮ್ಮ ತಂದೆಯವರು ಒಂದೇ ಉಳಿಯಲ್ಲಿ ಇಡೀ ಮನೆಯ ಕೆಲಸ ಮುಗಿಸಿದರು. ನಿಮಗೆ ಕಪಾಟಿಗೊಂದು ಬಿಟ್ಟು ಬೇಕೇ? ಇರುವುದರಲ್ಲೇ ಮುಗಿಸಿ" ಎಂದುಬಿಟ್ಟೆ. ಅವರು ಏನನ್ನೂ ಹೇಳಲಿಲ್ಲ. ನನ್ನ ಮಾತಿನಲ್ಲಿದ್ದ ಗುಮಾನಿ ಅವರಿಗೆ ತಿಳಿಯದೆ ಇರಲಿಲ್ಲ.

ಎರಡು ದಿನಗಳ ಮೇಲೆ ಮಧ್ಯಾಹ್ನದ ಹೊತ್ತಿಗೆ ಹೊರಕೋಣೆಯಲ್ಲಿ ಯಂತ್ರದ ಸದ್ದು ಒಮ್ಮೆಲೆ ಕರ್ಕಶವಾಗಿ ಏರಿ ನಿಂತಿತು. ಹೋಗಿ ನೋಡಿದರೆ ಹುಡುಗ ಎಡಗೈಯನ್ನು ಬಲಗೈಯಲ್ಲಿ ಹಿಸುಕಿ ಹಿಡಿದು ಕೂತಿದ್ದ. ಬೆರಳ ಸಂದಿನಿಂದ ರಕ್ತ ಇಳಿಯುತ್ತಿತ್ತು. ಮೊಂಡಾದ ಬಿಟ್ಟು ಮರವನ್ನು ಕತ್ತರಿಸದೆ ತಳ್ಳುತ್ತಿದ್ದುದರಿಂದ ಅವನು ಯಂತ್ರವನ್ನು ಒತ್ತಿ ಹಿಡಿದಿದ್ದ. ತೇಗದ ಪಟ್ಟಿ ಸೀಳಿ ಹಾರಿತು, ಯಂತ್ರ ಜಿಗಿಯಿತು, ಪಟ್ಟಿಯನ್ನು ಹಿಡಿದಿದ್ದ ಕೈ ಜಾರಿತು. ತೋರುಬೆರಳಿಗೆ ನಾಲ್ಕು ಹೊಲಿಗೆಗಳಾದವು. ಬೆರಳು ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಲೆಕ್ಕ ಹಾಕಿದೆ: ನಾನು ಉಳಿಸಲು ಹೊರಟಿದ್ದುದು ನಾನೂರು ರೂಪಾಯಿ.

ಅದಾದ ಮೇಲೆ ಈ ಹರಿತವೆಂಬುದು ಏನು, ಅದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಅರಿಯದೆ ಇರಲು ನನ್ನಿಂದಾಗಲಿಲ್ಲ. ಆಚಾರ್ರನ್ನೇ ಕೇಳಿದೆ, ಪುಸ್ತಕಗಳನ್ನು ತರಿಸಿದೆ, ಕಾಗದ ಪೆನ್ಸಿಲು ಹಿಡಿದು ಕೂತೆ.

ಮೊದಲು ಲೆಕ್ಕವನ್ನೇ ನೋಡೋಣ. ಆರು ಅಡ್ಡಹಲಗೆಗೆ ಎಡಬಲ ಸೇರಿ ಹನ್ನೆರಡು ಕಚ್ಚು. ಹನ್ನೆರಡು ಕಪಾಟಿಗೆ 144. ಒಂದೊಂದೂ ಒಂದು ಅಡಿ ಉದ್ದ. ಒಟ್ಟು 144 ಅಡಿ, ಎಂದರೆ ಸುಮಾರು 44 ಮೀಟರು. ಕಚ್ಚನ್ನು ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಸುವುದಿಲ್ಲ, ಎರಡು ಸಲ ಓಡಿಸುತ್ತಾರೆ. ಹಾಗಾಗಿ 88 ಮೀಟರು. ಇದೇನು ಮಹಾ ದೂರ, ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೂ ಸಾಲದು ಎಂದು ತೋರಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ಆದರೆ ಯಂತ್ರ ನಡೆದ ದೂರ ಬೇರೆ, ಅಲಗಿನ ಬಾಯಿ ನಡೆದ ದೂರ ಬೇರೆ. 18 ಮಿ.ಮೀ. ವ್ಯಾಸದ ಬಿಟ್ಟು ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಕಚ್ಚು ಕೊರೆಯುವಾಗ ಪ್ರತಿ ಸುತ್ತಿನಲ್ಲಿ ಅರ್ಧ ಸುತ್ತು, ಎಂದರೆ ಸುಮಾರು 28 ಮಿ.ಮೀ., ಅಲಗಿನ ಬಾಯಿ ಮರದೊಳಗೇ ಇರುತ್ತದೆ. ನಿಮಿಷಕ್ಕೆ ಅದು ಮರವನ್ನು ಉಜ್ಜಿಕೊಂಡು ಸಾಗಿದ ದೂರ 500 ಮೀಟರಿಗೂ ಮಿಗಿಲು. ಆ ನಿಮಿಷದಲ್ಲಿ ಯಂತ್ರ ಮುಂದೆ ಸರಿದದ್ದು ಮೂರು ಮೀಟರು. ಒಂದು ಮೀಟರು ಕಚ್ಚಿಗೆ 170 ಮೀಟರು ನಡಿಗೆ! ನಮ್ಮ 88 ಮೀಟರಿಗೆ ಅಲಗು ಮರದೊಳಗೆ ನಡೆದದ್ದು ಸುಮಾರು 15 ಕಿಲೋಮೀಟರು. ಬರಿಗಾಲಲ್ಲಿ ಅಷ್ಟು ದೂರವನ್ನು ಓಡಿದವನ ಅಂಗಾಲು ಏನಾದೀತೋ ಅದೇ ಅಲಗಿಗೂ ಆಗುತ್ತದೆ. ಆದ್ದರಿಂದ ಬಿಟ್ಟಿನ ಆಯುಸ್ಸನ್ನು ದಿನಗಳಲ್ಲಿಯೋ ವಾರಗಳಲ್ಲಿಯೋ ಎಣಿಸುವುದು ತಪ್ಪು. ಅದು ಎಷ್ಟು ದೂರ ನಡೆಯಿತು, ಎಂಥ ನೆಲದ ಮೇಲೆ ನಡೆಯಿತು ಎಂಬುದನ್ನು ಕೇಳಬೇಕು.

ನೆಲದ ಮಾತು ಬಂತು. ಪ್ಲೈವುಡ್ಡು ನೋಡಲು ಸಾಧು. ಒಳಗೆ ಪದರಪದರಕ್ಕೂ ಗಟ್ಟಿಗೊಂಡ ಅಂಟಿನ ಗೆರೆ. ಅಲಗಿನ ಪಾಲಿಗೆ ಮರಕ್ಕಿಂತ ಈ ಅಂಟು ಕ್ರೂರಿ. ಹಲಗೆಯ ಅಂಚನ್ನು ಸವರುವಾಗ ಅಂಟಿನ ಪದರ ಯಾವ ಎತ್ತರದಲ್ಲಿ ತಗಲುತ್ತದೆಯೋ ಅಲಗು ಅಲ್ಲಿಯೇ ಸವೆದು, ಕೊನೆಗೆ ಗೀಟು ಗೀಟಾಗಿ ಕೊರೆಯತೊಡಗುತ್ತದೆ. ತೇಗದ ಸ್ವಭಾವ ಇನ್ನೊಂದು. ಉಳಿಗೆ ಅದು ಸಲೀಸಾಗಿಯೇ ಒಲಿಯುತ್ತದೆ, ಬೀಟೆಯಂತೆ ಬಿಗುಮಾನದ್ದಲ್ಲ. ಆದರೆ ನೆಲದಿಂದ ಹೀರಿದ ಸಿಲಿಕವನ್ನು ತೇಗ ತನ್ನ ಒಡಲಲ್ಲಿ ಇಟ್ಟುಕೊಂಡಿರುತ್ತದೆ. ಸಿಲಿಕವೆಂದರೆ ನಮ್ಮ ಹೊಳೆಯ ಮರಳಿನ ಮೂಲವಸ್ತುವೇ. ತೇಗವನ್ನು ಕೊರೆಯುವುದೆಂದರೆ ನುಣುಪಾದ ಮರಳನ್ನು ಕೊರೆದಂತೆ. ಮೃದುವಾದದ್ದು ಅಲಗನ್ನು ಉಳಿಸುತ್ತದೆ, ಗಡುಸಾದದ್ದು ಕೆಡಿಸುತ್ತದೆ ಎಂಬ ನಮ್ಮ ಊಹೆ ಪೂರ್ತಿ ನಿಜವಲ್ಲ.

ಇನ್ನು ಅಲಗಿನ ಲೋಹ. ಸಾಧಾರಣ ಉಕ್ಕಿನ ಉಳಿ ಬಿಸಿಯಾದರೆ ಹದ ಕಳೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬುವರು ಟಂಗ್‌ಸ್ಟನ್ ಬೆರೆತ ಉಕ್ಕನ್ನು ವಿಶೇಷ ರೀತಿಯಲ್ಲಿ ಕಾಯಿಸಿ, ಕೆಂಪಗೆ ಕಾದರೂ ಗಡಸುತನ ಬಿಡದ ಅಲಗನ್ನು ತಯಾರಿಸಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಕಂಡು ಯಂತ್ರಜ್ಞರು ಬೆರಗಾದರು. ಅದರ ಮುಂದಿನ ಹೆಜ್ಜೆ ಜರ್ಮನಿಯದು. 1923ರಲ್ಲಿ ಕಾರ್ಲ್ ಷ್ರೋಟರ್ ಎಂಬಾತ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟ್ ಲೋಹದಿಂದ ಬೆಸೆದು, ಒತ್ತಿ, ಕಾಯಿಸಿ ಕಲ್ಲಿನಂಥ ವಸ್ತುವನ್ನು ಮಾಡುವ ವಿಧಾನಕ್ಕೆ ಪೇಟೆಂಟ್ ಕೋರಿದ. ಕ್ರುಪ್ ಸಂಸ್ಥೆ ಅದನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರಿತು. ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಎಂಬ ಎರಡು ಮಾತುಗಳ ಸಂಕ್ಷೇಪವದು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ವಿಡಿಯಾ ಕಾರ್ಖಾನೆ ಇದ್ದುದನ್ನು ಹಿರಿಯರು ಬಲ್ಲರು. ನಮ್ಮ ಕಾರ್ಯಾಗಾರಗಳಲ್ಲಿ ಇಂದಿಗೂ ಕಾರ್ಬೈಡ್ ಎನ್ನುವುದಕ್ಕಿಂತ ವಿಡಿಯಾ ಎನ್ನುವುದೇ ರೂಢಿ. ನಮ್ಮ ಆಚಾರ್ರ ಬಿಟ್ಟಿನ ಮೈ ಉಕ್ಕು, ಬಾಯಿ ಮಾತ್ರ ವಿಡಿಯಾ.

ವಜ್ರದಂತೆ ಎಂದ ಮಾತ್ರಕ್ಕೆ ಅಮರವಲ್ಲ. ಕಾರ್ಬೈಡು ಉಕ್ಕಿಗಿಂತ ಹಲವು ಪಟ್ಟು ಬಾಳುತ್ತದೆ, ನಿಜ. ಆದರೆ ಅದು ಗೋಡೆಯಿದ್ದಂತೆ: ಗಡುಸಾದ ಕಣಗಳು ಇಟ್ಟಿಗೆ, ಮೆದುವಾದ ಕೋಬಾಲ್ಟ್ ಗಾರೆ. ಉಜ್ಜುವಿಕೆಗೂ ಮರದ ರಸದ ಆಮ್ಲಗಳಿಗೂ ಮೊದಲು ಕರಗುವುದು ಗಾರೆ. ಆಮೇಲೆ ಇಟ್ಟಿಗೆ ಒಂದೊಂದಾಗಿ ಉದುರುತ್ತದೆ. ಹೊಸ ಅಲಗಿನ ಬಾಯಿಯ ಅಂಚು ಕೂದಲೆಳೆಗಿಂತ ಎಷ್ಟೋ ತೆಳು. ಅದು ಕಣ್ಣಿಗೆ ಕಾಣದಷ್ಟು ಉರುಟಾದರೂ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ; ಉಜ್ಜಿದರೆ ಕಾವು, ಕಾವಿನಿಂದ ಇನ್ನಷ್ಟು ಸವೆತ. ಅದಕ್ಕೇ ಮೊಂಡಾಗುವಿಕೆ ಮೊದಲು ಮೆಲ್ಲನೆ ನಡೆದು ಕೊನೆಗೆ ಓಡುತ್ತದೆ.

ಬೆರಳಿನ ಹೊಲಿಗೆ ಬಿಚ್ಚಿದ ಮೇಲೆ ಆಚಾರ್ರು ಹಳೆಯ ಮೂರು ಬಿಟ್ಟುಗಳನ್ನೂ ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಒಂದರ ಬಾಯಿಯನ್ನು ನನ್ನ ಉಗುರಿನ ಮೇಲೆ ಇರಿಸಿ ಎಳೆದರು. ಉಗುರಿಗೆ ಕಚ್ಚದೆ ಜಾರಿತು. ಎರಡನೆಯದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಅಂಟೂ ಮರದ ರಸವೂ ಸುಟ್ಟು ಕೂತಿದ್ದ ಕಪ್ಪು ಕರಗಿತು. ಮತ್ತೆ ಎಳೆದರೆ ಉಗುರಿನಿಂದ ಪುಡಿ ಎದ್ದಿತು! "ಇದನ್ನ ನಾನೂ ಸತ್ತಿದೆ ಅಂದ್ಕೊಂಡಿದ್ದೆ ಮೇಷ್ಟ್ರೇ. ಕೊಳೆ ಅಷ್ಟೆ. ಇದರ ದುಡ್ಡು ನನ್ನ ಲೆಕ್ಕಕ್ಕೆ ಹಾಕ್ಕೊಳ್ಳಿ" ಎಂದರು. ಗುಮಾನಿ ಪಟ್ಟವನು ನಾನು; ಯಾರೂ ಕೇಳದೆ ತಪ್ಪೊಪ್ಪಿಕೊಂಡವರು ಅವರು. ದುಡ್ಡಿನ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮಗನ ಬೆರಳಿಗೆ ಕಾರಣ ನನ್ನ ಮಾತು ಎಂದು ಹೇಳಿ ಕ್ಷಮೆ ಕೇಳಿದೆ. ಅವರು, "ಆ ಬಿಟ್ಟನ್ನ ಅವನ ಕೈಗೆ ಕೊಟ್ಟೋನು ನಾನು" ಎಂದಷ್ಟೇ ಅಂದರು.

ಆ ದಿನ ಅವರಿಂದ ಕಲಿತದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಿಟ್ಟು ಮೊಂಡಾದದ್ದನ್ನು ಮೊದಲು ಹೇಳುವುದು ಕಿವಿ: ಸದ್ದು ಏರುತ್ತದೆ. ಆಮೇಲೆ ಕೈ: ಸರಿಸಲು ಬಲ ಬೇಕಾಗುತ್ತದೆ. ಆಮೇಲೆ ಮೂಗು, ಸುಟ್ಟ ವಾಸನೆ. ಕಣ್ಣು ಎಲ್ಲರಿಗಿಂತ ಹಿಂದೆ. ಮರದ ಮೇಲೆ ಕಂದುಗೆರೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅಲಗನ್ನು ಉಳಿಸಲೆಂದು ನಿಧಾನವಾಗಿ ಸರಿಸುವುದೂ ತಪ್ಪೇ. ನಿಮಿಷಕ್ಕೆ ಮೂರು ಮೀಟರು ಸರಿದರೆ ನಮ್ಮ ಬಿಟ್ಟಿನ ಒಂದೊಂದು ಕಡಿತಕ್ಕೂ ಬರುವ ಚಕ್ಕೆ ಮಿಲಿಮೀಟರಿನ ಹನ್ನೆರಡನೆಯ ಒಂದು ಪಾಲು. ಒಂದೇ ಮೀಟರು ಸರಿದರೆ ಅದರ ಮೂರನೆಯ ಒಂದಂಶ, ಬರೀ ಧೂಳು. ಚಕ್ಕೆ ತನ್ನೊಡನೆ ಕಾವನ್ನೂ ಒಯ್ಯುತ್ತದೆ, ಧೂಳು ಒಯ್ಯದು. ಆಳವನ್ನು ಹಲವು ಸಲಕ್ಕೆ ಹಂಚಬೇಕು. ಅಂಚು ಸವರುವಾಗ ಬಿಟ್ಟನ್ನು ಆಗಾಗ ತುಸು ಏರಿಸಿ ಇಳಿಸಿ ಬಾಯಿಯ ಹೊಸ ಜಾಗ ಕೆಲಸಕ್ಕೆ ಬರುವಂತೆ ಮಾಡಬೇಕು. ಮೊದಲ ಕೊರೆತಕ್ಕೆ ಹಳೆಯ ಬಿಟ್ಟು, ಕೊನೆಯ ಕೊರೆತಕ್ಕೆ ಹೊಸದು. ವಿಡಿಯಾ ಗಟ್ಟಿಯಾದರೂ ಪೆಡಸು; ಬಿಟ್ಟುಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಡಬೇಕು. ಸಾಣೆ ಹಿಡಿಯುವುದಾದರೆ ವಜ್ರದ ಪುಡಿ ಲೇಪಿಸಿದ ಪಟ್ಟಿಯಿಂದ, ಅದೂ ಒಳಮೈಯ ಚಪ್ಪಟೆ ಭಾಗಕ್ಕೆ ಮಾತ್ರ, ಎರಡು ಬಾಯಿಗೂ ಸಮಸಮವಾಗಿ. ಹೊರಮೈ ಉಜ್ಜಿದರೆ ಅಳತೆ ಕುಗ್ಗಿ ಕಚ್ಚು ಬಿಗಿಯಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆಯೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಹಾಗಾದರೆ ಅವರ ತಂದೆ ಒಂದೇ ಉಳಿಯಲ್ಲಿ ಮನೆ ಮುಗಿಸಿದ್ದು ಹೇಗೆ? ಕೇಳಿದಾಗ ಆಚಾರ್ರು ಆ ಉಳಿಯನ್ನೇ ತಂದು ತೋರಿಸಿದರು. ಗೇಣುದ್ದವಿದ್ದ ಅಲಗು ಹೆಬ್ಬೆರಳಷ್ಟಾಗಿತ್ತು. ಉಳಿದದ್ದೆಲ್ಲ ಸಾಣೆಕಲ್ಲಿನ ಪಾಲು. ಆಗ ನನಗೆ ಬಾಲ್ಯದ ಮಧ್ಯಾಹ್ನಗಳು ನೆನಪಾದವು. ನಮ್ಮ ಅಂಗಳದಲ್ಲಿ ಆ ಹಿರಿಯರು ನೀರು ಚಿಮುಕಿಸಿ ಉಳಿ ಮಸೆಯುತ್ತಿದ್ದ ಸದ್ದು ದಿನಕ್ಕೆ ಎಷ್ಟು ಬಾರಿ ಕೇಳುತ್ತಿತ್ತೋ! ನಾವು ಅದನ್ನು ವಿಶ್ರಾಂತಿಯೆಂದು ತಿಳಿದಿದ್ದೆವು. ಒಂದೇ ಉಳಿ ಇಡೀ ಮನೆಗೆ ಹರಿತವಾಗಿ ಇರಲಿಲ್ಲ. ಅದನ್ನು ದಿನಕ್ಕೆ ಹತ್ತು ಸಲ ಮತ್ತೆ ಹರಿತ ಮಾಡಲಾಗುತ್ತಿತ್ತು. ಆ ಹೊತ್ತಿನ ಬೆಲೆ ದಿನಗೂಲಿಯೊಳಗೆ ಅಡಗಿತ್ತು, ಅಥವಾ ಕೊಡದೆಯೇ ಹೋಗಿತ್ತು. ಇಂದು ಅದೇ ಬೆಲೆ ಅಂಗಡಿಯ ಚೀಟಿಯಾಗಿ ಬೇರೆ ಬರುತ್ತದೆ. ಆದ್ದರಿಂದ ಕಣ್ಣಿಗೆ ಚುಚ್ಚುತ್ತದೆ. ಹರಿತವೆಂಬುದು ಅಂದೂ ಖರ್ಚಾಗುತ್ತಿತ್ತು, ಇಂದೂ ಖರ್ಚಾಗುತ್ತದೆ.

'ಮೊಂಡು' ಎಂಬ ನಮ್ಮ ಮಾತು ಅಲಗಿಗೂ ಸಲ್ಲುತ್ತದೆ, ಮನುಷ್ಯರ ಹಟಕ್ಕೂ ಸಲ್ಲುತ್ತದೆ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದ ನಾನು ಅದರ ಅರ್ಥವನ್ನು ಕಲಿತದ್ದು ಮಾತ್ರ ತಡವಾಗಿ.

ಕಪಾಟುಗಳು ಮುಗಿದಿವೆ, ಮಕ್ಕಳು ಬರುತ್ತಿದ್ದಾರೆ. ಈಚೆಗೆ ನೆರೆಮನೆಯವರಿಗೆ ಆಚಾರ್ರು ಬರೆದುಕೊಟ್ಟ ಅಂದಾಜುಪಟ್ಟಿಯನ್ನು ನೋಡಿದೆ. ಮರ, ಪ್ಲೈವುಡ್, ಕೂಲಿ ಎಂಬ ಸಾಲುಗಳ ಕೆಳಗೆ 'ಬಿಟ್ಟಿನ ಬಾಬ್ತು' ಎಂದು ಒಂದು ಸಾಲು ಹೊಸದಾಗಿ ಸೇರಿತ್ತು. ಅದೇನೆಂದು ನೆರೆಯವರು ನನ್ನನ್ನು ಕೇಳಿದರು. ಈಗ ನಿಮಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ನಿಮ್ಮ ಮನೆಗೂ ನಾಳೆ ಬಡಗಿಯೊಬ್ಬರು ಕೆಲಸಕ್ಕೆ ಬಂದಾರು. ಅವರು ಕೇಳುವ ಮೊದಲೇ, "ಇಷ್ಟು ಕೆಲಸಕ್ಕೆ ಎಷ್ಟು ಬಿಟ್ಟು ಬೇಕಾದೀತು?" ಎಂದು ನೀವೇ ಕೇಳಿ, ಆ ಸಾಲನ್ನು ಬರೆಯಿಸಿಕೊಳ್ಳಿ.