ಮನೆಯಂಗಳದ ಶೋಭೆಗೆ ಸರ್ವೆ ಮರ

ಸದಾ ಹಸುರಾಗಿದ್ದು ಕೊಂಬೆಗಳನ್ನು ಜೋಲುಬಿಟ್ಟ ಸೂಜಿಯೆಲೆಯ ಮರವೊಂದು ಹೆಬ್ಬಾಗಿಲ ಬಳಿ ಒಂಟಿಯಾಗಿ ನಿಂತರೆ ತೋಟಕ್ಕೆ ವಿಶೇಷ ಶೋಭೆಯುಂಟಾಗುವುದು. ಆದರೆ ದೇವದಾರು, ಸೈಪ್ರೆಸ್ ವರ್ಗಗಳ ಇಂತಹ ಜಾತಿಗಳು ಬಹುಮಟ್ಟಿಗೆ ತಂಪು ಸೀಮೆಯವು. ಚಾಮರಾಜನಗರ, ಗುಂಡ್ಲುಪೇಟೆಗಳ ಬಯಲಿನ ಬೇಸಗೆಯನ್ನು ಅವು ತಾಳುವುದು ಕಷ್ಟ. ಹಣ ತೆತ್ತು ತಂದ ಸಸಿ ಒಣಗಿದರೆ ಅದಕ್ಕೆರೆದ ಬಾವಿಯ ನೀರೂ ವ್ಯರ್ಥವಾಗುವುದು.

ಈ ಸೀಮೆಗೆ ಒಗ್ಗತಕ್ಕದ್ದು ಸರ್ವೆ, ಅಂದರೆ ಗಾಳಿಮರ. ನೋಟಕ್ಕೆ ಸೂಜಿಯೆಲೆಯ ಮರದಂತಿದ್ದರೂ ಇದು ಹೂ ಬಿಡುವ ವರ್ಗಕ್ಕೆ ಸೇರಿದುದು. ಸೂಜಿಗಳಂತೆ ತೋರುವುವು ಎಳೆಯ ಕಡ್ಡಿಗಳು. ಕಾರವಾರದ ಕರಾವಳಿಯಲ್ಲಿ 1868ರ ಸುಮಾರಿಗೆ ಇದನ್ನು ನೆಡತೊಡಗಿದರು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಬಡ ಮಣ್ಣಿನಲ್ಲಿಯೂ ಬೆಳೆಯುವುದು.

ನೀರು ಬಸಿಯುವ ಕೆಂಪು ಮರಳುಮಣ್ಣು ಉತ್ತಮ. ನೀರು ನಿಲ್ಲುವ ಎರೆಭೂಮಿ ಆಗದು. ಒಂದೂವರೆ ಅಡಿ ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರಸಿ, ಮಳೆಯಿಂದ ನೆಲ ಚೆನ್ನಾಗಿ ನೆನೆದ ಮೇಲೆ ಸಸಿಯನ್ನು ನೆಡತಕ್ಕದ್ದು. ಮೊದಲೆರಡು ಬೇಸಗೆಗಳಲ್ಲಿ ನೀರೆರೆದು, ಆಡುಕುರಿಗಳು ಮುಟ್ಟದಂತೆ ಮುಳ್ಳುಬೇಲಿ ಕಟ್ಟಬೇಕು. ಎತ್ತರವಾಗಿ ಬೆಳೆಯುವುದರಿಂದ ಮನೆಗೂ ಬಾವಿಗೂ ದೂರವಿರಬೇಕು. ತುದಿ ಕತ್ತರಿಸಿದರೆ ಸಹಜವಾದ ಆಕಾರ ಕೆಡುವುದು. ಬುಡಕ್ಕೆ ಕಡಿದರೆ ಮತ್ತೆ ಚಿಗುರುವುದು ಅಪರೂಪ. ಬುಡದಲ್ಲಿ ಉದುರಿದ ಒಣ ಕಡ್ಡಿಗಳನ್ನು ಬೇಸಗೆಗೆ ಮುಂಚೆಯೇ ಗುಡಿಸಿ ತೆಗೆಯದಿದ್ದರೆ ಬೆಂಕಿಯ ಭಯವುಂಟು.